ಒಳಾಂಗಣದ ಪ್ಲೈ, ಪ್ಯಾನೆಲ್, ಶೀಟುಗಳ ಬೆಂಕಿ ದರ್ಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲ್ಯಾಟ್ ಕೊಂಡು ಒಳಗಿನ ಕೆಲಸ ಮಾಡಿಸುವವರು, ಸಣ್ಣ ಆಫೀಸೋ ಕ್ಲಿನಿಕ್ಕೋ ತೆರೆಯುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಇಂಟೀರಿಯರ್ ಕೆಲಸದ ಹುಡುಗರೂ ಕೇಳುತ್ತಾರೆ, ಗಿರಾಕಿ ಪಕ್ಕದಲ್ಲಿ ಇಲ್ಲದಾಗ. ಉತ್ತರಗಳು ಒಂದೇ ಅಳತೆಯಲ್ಲಿಲ್ಲ. ಎಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೋ ಅಲ್ಲಿ ಹೆಚ್ಚು ಬರೆದಿದ್ದೇನೆ.

ಫೈರ್‌ಪ್ರೂಫ್, ಫೈರ್ ರಿಟಾರ್ಡೆಂಟ್, ಫೈರ್ ರೇಟೆಡ್ ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ‘ಫೈರ್‌ಪ್ರೂಫ್’ ಎನ್ನುವುದು ಅಂಗಡಿಯ ಮಾತು, ಅದಕ್ಕೆ ಯಾವ ಮಾನದಂಡದಲ್ಲೂ ದರ್ಜೆಯಿಲ್ಲ. ಉಳಿದ ಎರಡು ಪದಗಳು ಎರಡು ಬೇರೆ ಪ್ರಶ್ನೆಗಳಿಗೆ ಸೇರಿದವು: ಫೈರ್ ರಿಟಾರ್ಡೆಂಟ್ ಮೊದಲನೆಯದಕ್ಕೆ, ಫೈರ್ ರೇಟೆಡ್ ಎರಡನೆಯದಕ್ಕೆ.

ಮೊದಲ ಪ್ರಶ್ನೆ: ಬೆಂಕಿ ತಗುಲಿದಾಗ ಈ ವಸ್ತು ತಾನೂ ಉರಿದು ಬೆಂಕಿಯನ್ನು ಬೆಳೆಸುತ್ತದೆಯೇ? ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ, ಎಷ್ಟು ಶಾಖ ಕೊಡುತ್ತದೆ, ಎಷ್ಟು ಹೊಗೆ ಬಿಡುತ್ತದೆ? ಗೋಡೆಗೂ ಸೀಲಿಂಗಿಗೂ ಹಚ್ಚುವ ಶೀಟುಗಳ ದರ್ಜೆ ಇದಕ್ಕೆ ಸಂಬಂಧಪಟ್ಟದ್ದು. ಎರಡನೆಯ ಪ್ರಶ್ನೆ: ಈ ಗೋಡೆ ಅಥವಾ ಬಾಗಿಲು ಪಕ್ಕದ ಕೋಣೆಯ ಬೆಂಕಿಯನ್ನು ಎಷ್ಟು ನಿಮಿಷ ತಡೆದು ನಿಲ್ಲಿಸುತ್ತದೆ? ಅರವತ್ತು ನಿಮಿಷ, ನೂರಿಪ್ಪತ್ತು ನಿಮಿಷ ಎಂದು ಕೇಳುತ್ತೀರಲ್ಲ, ಅದು ಇದು. ಇದು ಇಡೀ ಗೋಡೆಗೆ, ಚೌಕಟ್ಟು ಸಮೇತ ಬಾಗಿಲಿಗೆ ಕೊಡುವ ಲೆಕ್ಕ. ಬರೀ ಶೀಟಿಗೆ ಕೊಡುವುದಲ್ಲ.

ಎರಡೂ ಒಟ್ಟಿಗೇ ಇರಬೇಕೆಂದಿಲ್ಲ. ತೆಳುವಾದ ಉಕ್ಕಿನ ತಗಡು ಸ್ವಲ್ಪವೂ ಉರಿಯುವುದಿಲ್ಲ, ಮೊದಲ ಪ್ರಶ್ನೆಯಲ್ಲಿ ಅದಕ್ಕೆ ನೂರಕ್ಕೆ ನೂರು. ಆದರೆ ಆಚೆಯ ಬೆಂಕಿಯ ಕಾವನ್ನು ಕೆಲವೇ ನಿಮಿಷದಲ್ಲಿ ಈಚೆಗೆ ದಾಟಿಸಿಬಿಡುತ್ತದೆ. ನಮ್ಮ ಹಳೆಯ ಮನೆಗಳ ದಪ್ಪ ತೇಗದ ಬಾಗಿಲು ಉರಿಯುವ ವಸ್ತುವೇ. ಆದರೂ ಮೇಲ್ಮೈ ಇದ್ದಿಲಾಗುತ್ತಾ, ಆ ಇದ್ದಿಲೇ ಒಳಗಿನ ಮರಕ್ಕೆ ಮರೆಯಾಗಿ, ಒಳ್ಳೆಯ ಹೊತ್ತು ತಡೆಯುತ್ತದೆ.

‘ಕಾಂಪೊಸಿಟ್’ ಎಂದರೆ ಯಾವ ವಸ್ತುಗಳು?

ಎರಡು ಮೂರು ವಸ್ತು ಸೇರಿಸಿ ಒಂದು ಮಾಡಿದ ಎಲ್ಲವೂ. ಪ್ಲೈವುಡ್, ಮರದ ನಾರನ್ನು ಅಂಟಿನಲ್ಲಿ ಒತ್ತಿದ ಎಂಡಿಎಫ್, ಅದರದೇ ಗಟ್ಟಿ ಜಾತಿಯಾದ ಎಚ್‌ಡಿಎಚ್‌ಎಂಆರ್, ಪಾರ್ಟಿಕಲ್ ಬೋರ್ಡ್, ಮರದ ಪುಡಿಗೆ ಪಿವಿಸಿ ಬೆರೆಸಿದ ಡಬ್ಲ್ಯುಪಿಸಿ, ಕಾಗದ ಹೊದ್ದ ಜಿಪ್ಸಮ್ ಬೋರ್ಡ್, ಸಿಮೆಂಟ್ ಫೈಬರ್ ಬೋರ್ಡ್, ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಎಸಿಪಿ, ನಡುವೆ ಪಫ್ ಎಂಬ ಪಾಲಿಯುರೆಥೇನ್ ಫೋಮ್ ತುಂಬಿದ ಸ್ಯಾಂಡ್‌ವಿಚ್ ಪ್ಯಾನೆಲ್. ಪ್ಲೈ ಮೇಲೆ ಸನ್ಮೈಕಾ ಅಂಟಿಸಿದ ಕೂಡಲೇ ಅದೂ ಹೊಸದೊಂದು ಕಾಂಪೊಸಿಟ್. ಎಷ್ಟೋ ಜನರಿಗೆ ಹೊಳೆಯದೇ ಇರುವುದು ಈ ಕೊನೆಯದು, ಅದರ ವಿಷಯ ಮುಂದೆ ಬರುತ್ತದೆ.

ಅಂಗಡಿಯವರು ಲೈಟರ್ ಹಿಡಿದು ತೋರಿಸಿದರು, ಹೊತ್ತಿಕೊಳ್ಳಲೇ ಇಲ್ಲ. ಇನ್ನೇನು ಬೇಕು?

ಈ ಪ್ರದರ್ಶನ ನೋಡಿ ಒಪ್ಪಿದವರ ಲೆಕ್ಕ ಇಟ್ಟವರಿಲ್ಲ. ಯುರೋಪಿನ ಪರೀಕ್ಷೆಗಳಲ್ಲೂ ಹೆಚ್ಚುಕಡಿಮೆ ಇಂಥದ್ದೇ ಒಂದಿದೆ: 20 ಮಿಲಿಮೀಟರ್ ಎತ್ತರದ ಸಣ್ಣ ಜ್ವಾಲೆಯನ್ನು 15 ಸೆಕೆಂಡು ತಾಗಿಸಿ, 20 ಸೆಕೆಂಡಿನೊಳಗೆ ಉರಿ 150 ಮಿಲಿಮೀಟರ್ ಮೇಲೇರುತ್ತದೆಯೇ ಎಂದು ನೋಡುತ್ತಾರೆ. ಅದೊಂದರಲ್ಲೇ ಪಾಸಾದ ವಸ್ತುವಿಗೆ ಸಿಗುವುದು ‘ಇ’ ದರ್ಜೆ. ಏಳು ದರ್ಜೆಗಳಲ್ಲಿ ಕೆಳಗಿನಿಂದ ಎರಡನೆಯದು. ಅಂದರೆ ಅಂಗಡಿಯ ಲೈಟರ್ ನಿಮಗೆ ಹೇಳಿದ್ದು ‘ಇದು ಎಲ್ಲಕ್ಕಿಂತ ಕೆಟ್ಟದ್ದಲ್ಲ’ ಎಂದಷ್ಟೇ.

ಕೋಣೆಯಲ್ಲಿ ಸೋಫಾಕ್ಕೋ ಪರದೆಗೋ ಬೆಂಕಿ ಬಿದ್ದಾಗ ಗೋಡೆಯ ಮೇಲೆ ಬೀಳುವ ಕಾವಿಗೂ ಲೈಟರಿಗೂ ಹೋಲಿಕೆಯೇ ಇಲ್ಲ. ಲೈಟರ್ ತೆಗೆದ ಕೂಡಲೇ ನಂದುವ ಪಿವಿಸಿ ಶೀಟು, ಎದುರಿಗೆ ಸೋಫಾ ಧಗಧಗ ಉರಿಯುತ್ತಿರುವಾಗ ನಂದುವುದಿಲ್ಲ.

‘ಎ2-ಎಸ್1,ಡಿ0’ ಎಂದು ಬರೆದಿರುತ್ತದೆ. ಓದುವುದು ಹೇಗೆ?

ಇದು ಇಎನ್ 13501-1 ಎಂಬ ಯುರೋಪಿನ ಮಾನದಂಡದ ಭಾಷೆ. ನಮ್ಮ ದೇಶದ ನಿಯಮವಲ್ಲದಿದ್ದರೂ ಒಳ್ಳೆಯ ಕಂಪನಿಗಳ ಕ್ಯಾಟಲಾಗಿನಲ್ಲಿ ಈಗ ಇದೇ ಹೆಚ್ಚು ಕಾಣುತ್ತದೆ, ಹಾಗಾಗಿ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಅಕ್ಷರ ಉರಿಯುವ ಗುಣದ್ದು. ಎ1, ಎ2, ಬಿ, ಸಿ, ಡಿ, ಇ, ಎಫ್ ಎಂದು ಇಳಿಯುತ್ತಾ ಹೋಗುತ್ತದೆ. ಎ1 ಎಂದರೆ ಕಲ್ಲು, ಗಾಜು, ಉಕ್ಕು, ಕಾಂಕ್ರೀಟಿನ ಜಾತಿ. ಎ2ದಲ್ಲಿ ಉರಿಯುವ ಅಂಶ ತೀರಾ ಕಡಿಮೆ. ಇಡೀ ಶೀಟಿನ ಒಂದು ಕಿಲೋ ಪೂರ್ತಿ ಸುಟ್ಟರೂ 3 ಮೆಗಾಜೂಲಿಗಿಂತ ಹೆಚ್ಚು ಶಾಖ ಬರಬಾರದು (ಎ1ಕ್ಕೆ ಮಿತಿ 2). ಒಂದು ಕಿಲೋ ಒಣ ಸೌದೆಯಿಂದ ಹದಿನೇಳು ಹದಿನೆಂಟು ಮೆಗಾಜೂಲು ಬರುತ್ತದೆ ಎಂದರೆ ಅಂದಾಜು ಸಿಗುತ್ತದೆ.

‘ಎಸ್’ ಹೊಗೆಯದು: 1 ಕಡಿಮೆ, 2 ಮಧ್ಯಮ, 3 ಲೆಕ್ಕವಿಲ್ಲದಷ್ಟು. ಕೊನೆಯಲ್ಲಿ ಬರುವ ‘ಡಿ’ (ಮೊದಲ ಅಕ್ಷರದ ಡಿ ದರ್ಜೆಯಲ್ಲ) ಉರಿಯುತ್ತಾ ತೊಟ್ಟಿಕ್ಕುವ ಹನಿಯದು. ಡಿ0 ಎಂದರೆ ಹತ್ತು ನಿಮಿಷದ ಪರೀಕ್ಷೆಯಲ್ಲಿ ಉರಿಯುವ ಹನಿ ಬಿದ್ದಿಲ್ಲ. ಡಿ1 ಎಂದರೆ ಬಿದ್ದರೂ ಹತ್ತು ಸೆಕೆಂಡು ಮೀರಿ ಉರಿದಿಲ್ಲ. ಡಿ2 ಎಂದರೆ ಆ ಮಿತಿಯೊಳಗೂ ಇಲ್ಲ. ಸೀಲಿಂಗಿಗೆ ಹಾಕುವ ವಸ್ತುವಿನಲ್ಲಿ ನಾನು ಮೊದಲು ನೋಡುವುದು ಈ ‘ಡಿ’ಯನ್ನೇ. ತಲೆಯ ಮೇಲಿಂದ ಉರಿಯುವ ಪ್ಲಾಸ್ಟಿಕ್ ಹನಿ ಬೀಳುತ್ತಿದ್ದರೆ ಜನ ಬಾಗಿಲಿಗೆ ಓಡುವುದಾದರೂ ಹೇಗೆ?

ನೆಲಕ್ಕೆ ಹಾಸುವ ವಸ್ತುವಿಗೆ ಬೇರೆ ಪರೀಕ್ಷೆ, ದರ್ಜೆಯ ಜೊತೆ ‘ಎಫ್‌ಎಲ್’ ಎಂಬ ಬಾಲ ಇರುತ್ತದೆ. ನೆಲದ ಸರ್ಟಿಫಿಕೇಟ್ ತೋರಿಸಿ ಗೋಡೆಗೆ ಮಾರುವುದನ್ನು ನೋಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬಿ, ಸಿ, ಡಿ ನಡುವೆ ನಿಜವಾಗಿ ಎಷ್ಟು ವ್ಯತ್ಯಾಸ?

ಪರೀಕ್ಷೆ ಹೀಗಿದೆ. ವಸ್ತುವನ್ನು ಎರಡು ಗೋಡೆ ಸೇರುವ ಮೂಲೆಯಂತೆ ನಿಲ್ಲಿಸುತ್ತಾರೆ: ಒಂದು ರೆಕ್ಕೆ ಒಂದು ಮೀಟರ್ ಅಗಲ, ಇನ್ನೊಂದು ಅರ್ಧ ಮೀಟರ್, ಎತ್ತರ ಒಂದೂವರೆ ಮೀಟರ್. ಮೂಲೆಯ ಬುಡದಲ್ಲಿ 30 ಕಿಲೋವ್ಯಾಟಿನ ಗ್ಯಾಸ್ ಬರ್ನರ್. ಕಾಗದ ತುಂಬಿದ ಕಸದ ಬುಟ್ಟಿಯೊಂದು ಮೂಲೆಯಲ್ಲಿ ಉರಿದ ಹಾಗೆ ಎಂದುಕೊಳ್ಳಿ. ಆಗ ವಸ್ತು ತಾನೇ ಎಷ್ಟು ಶಾಖ ಸೇರಿಸಿತು, ಎಷ್ಟು ಬೇಗ ಸೇರಿಸಿತು ಎಂದು ಅಳೆಯುತ್ತಾರೆ. ಬೆಂಕಿ ಬೆಳೆಯುವ ವೇಗದ ಮಿತಿ ಬಿ ದರ್ಜೆಗೆ ಸೆಕೆಂಡಿಗೆ 120 ವ್ಯಾಟ್, ಸಿಗೆ 250, ಡಿಗೆ 750.

ಈ ಅಂಕಿ ಒಣ ಎನಿಸಿದರೆ ಇನ್ನೊಂದು ಲೆಕ್ಕ ಕೇಳಿ. ಈ ದರ್ಜೆಗಳನ್ನು ರೂಪಿಸುವಾಗ ಆಧಾರವಾಗಿ ಇಟ್ಟುಕೊಂಡದ್ದು ಒಂದು ಇಡೀ ಕೋಣೆಯ ಪರೀಕ್ಷೆ. 3.6 ಮೀಟರಿಗೆ 2.4 ಮೀಟರಿನ ಕೋಣೆ, ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಸಣ್ಣ ಬೆಡ್‌ರೂಮಿನಷ್ಟು. ಗೋಡೆ, ಸೀಲಿಂಗಿಗೆಲ್ಲ ಆ ವಸ್ತು ಹಚ್ಚಿ ಮೂಲೆಯಲ್ಲಿ 100 ಕಿಲೋವ್ಯಾಟ್ ಬೆಂಕಿ ಹತ್ತು ನಿಮಿಷ, ಆಮೇಲೆ 300 ಕಿಲೋವ್ಯಾಟ್ ಇನ್ನೂ ಹತ್ತು ನಿಮಿಷ. ಕೋಣೆಗೆ ಕೋಣೆಯೇ ಒಮ್ಮೆಲೇ ಹೊತ್ತಿಕೊಳ್ಳುವ ಕ್ಷಣವನ್ನು ಫ್ಲ್ಯಾಶ್‌ಓವರ್ ಎನ್ನುತ್ತಾರೆ, ಅದರೊಳಗೆ ಸಿಕ್ಕವರು ಬದುಕುವುದಿಲ್ಲ. ಬಿ ದರ್ಜೆಯ ವಸ್ತುವಿನಲ್ಲಿ ಇಪ್ಪತ್ತು ನಿಮಿಷದಲ್ಲೂ ಆ ಕ್ಷಣ ಬರಬಾರದು. ಸಿ ದರ್ಜೆಯದ್ದರಲ್ಲಿ ಹತ್ತು ನಿಮಿಷದ ನಂತರ, ಬೆಂಕಿ ದೊಡ್ಡದು ಮಾಡಿದ ಮೇಲೆ ಬರುತ್ತದೆ. ಡಿ ದರ್ಜೆಯದ್ದರಲ್ಲಿ ಎರಡರಿಂದ ಹತ್ತು ನಿಮಿಷದೊಳಗೆ. ಇ ದರ್ಜೆಯದ್ದರಲ್ಲಿ ಎರಡು ನಿಮಿಷಕ್ಕೂ ಮುಂಚೆ. ಅಜ್ಜಿಯನ್ನು ಎಬ್ಬಿಸಿ, ಮಗುವನ್ನು ಎತ್ತಿಕೊಂಡು, ಬಾಗಿಲ ಬೀಗದ ಕೈ ಹುಡುಕಿ ಹೊರಬರಲು ನಿಮ್ಮ ಮನೆಯಲ್ಲಿ ಎಷ್ಟು ಹೊತ್ತು ಬೇಕು?

ನಮ್ಮ ದೇಶದ ದರ್ಜೆ ಯಾವುದು?

ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ನಾಲ್ಕನೆಯ ಭಾಗ ಪೂರ್ತಿ ಬೆಂಕಿ ಸುರಕ್ಷತೆಯದು. ಮೇಲ್ಮೈಯಲ್ಲಿ ಜ್ವಾಲೆ ಹರಡುವ ವೇಗ ನೋಡಿ ಅದು ವಸ್ತುಗಳನ್ನು ನಾಲ್ಕು ವರ್ಗ ಮಾಡುತ್ತದೆ. ಪರೀಕ್ಷೆ ಐಎಸ್ 12777 ಎಂಬ ಭಾರತೀಯ ಮಾನದಂಡದ್ದು. ಮೊದಲ ವರ್ಗದ ವಸ್ತುವನ್ನು ಎಲ್ಲಿ ಬೇಕಾದರೂ ಬಳಸಬಹುದು. ಎರಡನೆಯದನ್ನು ಗೋಡೆ, ಕಟ್ಟಡದ ಮುಖಭಾಗ, ಮೆಟ್ಟಿಲು, ಕಾರಿಡಾರುಗಳಲ್ಲಿ ಬಳಸುವಂತಿಲ್ಲ. ಮೂರನೆಯದಕ್ಕೆ ವಾಸದ ಕೋಣೆ, ಮಲಗುವ ಕೋಣೆಗಳಲ್ಲಿ ಮಾತ್ರ ಜಾಗ, ಅದೂ ಗಟ್ಟಿ ಗೋಡೆಗೆ ಒಳಹೊದಿಕೆಯಾಗಿ. ನಾಲ್ಕನೆಯದು ಜ್ವಾಲೆ ಸರಸರ ಓಡುವ ಜಾತಿ, ಅದರಿಂದ ದೂರ ಇರಿ.

ಇದರಲ್ಲಿ ಒಂದು ಕೊರತೆಯಿದೆ. ಜ್ವಾಲೆ ಎಷ್ಟು ದೂರ ಓಡಿತು ಎಂಬುದನ್ನು ಈ ವರ್ಗ ಹೇಳುತ್ತದೆ, ಹೊಗೆ ಎಷ್ಟು ಬಂತು, ಹನಿ ಬಿತ್ತೇ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಜನ ಸೇರುವ ಜಾಗಕ್ಕೆ ನಾನು ಭಾರತದ ಮೊದಲ ವರ್ಗವನ್ನೂ ಯುರೋಪಿನ ಬಿ-ಎಸ್1,ಡಿ0 ದರ್ಜೆಯನ್ನೂ ಒಟ್ಟಿಗೇ ಕೇಳುತ್ತೇನೆ. ಎರಡೂ ಇರುವ ಸರಕು ಸಿಗುತ್ತದೆ, ಹುಡುಕಬೇಕು ಅಷ್ಟೇ.

ಡಬ್ಬದ ಮೇಲೆ ‘ಬಿ1’ ಎಂದಿದೆ. ಬಿ-ಎಸ್1 ಅಂದರೆ ಅದೇ ತಾನೇ?

ಅಲ್ಲವೇ ಅಲ್ಲ. ಹೆಚ್ಚು ಜನ ಎಡವುವ ಜಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಬಿ1, ಬಿ2, ಬಿ3 ಎನ್ನುವುದು ಜರ್ಮನಿಯ ಡಿಐಎನ್ 4102 ಎಂಬ ಹಳೆಯ ವಿಂಗಡಣೆ. ಚೀನಾದ ಜಿಬಿ 8624ರಲ್ಲೂ ಬಿ1, ಬಿ2, ಬಿ3 ಇವೆ. ಚೀನಾದಿಂದ ಬರುವ ಪಿವಿಸಿ ಪ್ಯಾನೆಲ್ಲು, ಏಣು ಏಣಾದ ಅಲಂಕಾರದ ಲೂವರುಗಳ ಮೇಲೆ ಕಾಣುವುದು ಸಾಮಾನ್ಯವಾಗಿ ಈ ಬಿ1. ಚೀನಾದ ಬಿ1ರೊಳಗೆ ಯುರೋಪಿನ ಬಿ, ಸಿ ಎರಡೂ ದರ್ಜೆಗಳು ಸೇರುತ್ತವೆ. ಆದ್ದರಿಂದ ಬಿ1 ಎಂದ ಮಾತ್ರಕ್ಕೆ ಯುರೋಪಿನ ಬಿ ಆಗುವುದಿಲ್ಲ.

‘ಕ್ಲಾಸ್ ಎ’ ಎಂದಿದ್ದರೆ ಅಮೆರಿಕದ ಎಎಸ್‌ಟಿಎಂ ಇ84 ಇರಬಹುದು. ಸುಮಾರು 7.3 ಮೀಟರ್ ಉದ್ದದ ತುಂಡನ್ನು ಸುರಂಗದಂಥ ಕುಲುಮೆಯ ಚಾವಣಿಗೆ ಮಲಗಿಸಿ ಹತ್ತು ನಿಮಿಷ ಉರಿಸುತ್ತಾರೆ. ಜ್ವಾಲೆಯ ಸೂಚ್ಯಂಕ 25ರೊಳಗಿದ್ದರೆ ಎ, 75ರ ತನಕ ಬಿ, 200ರ ತನಕ ಸಿ. ಹೊಗೆಯ ಮಿತಿ ಮೂರಕ್ಕೂ ಒಂದೇ, 450. ಇದರಲ್ಲೊಂದು ತಮಾಷೆಯಿದೆ. ಕರಗುವ ಪ್ಲಾಸ್ಟಿಕ್ ಚಾವಣಿಯಿಂದ ಕಳಚಿ ಸುರಂಗದ ನೆಲಕ್ಕೆ ಬಿದ್ದುಬಿಟ್ಟರೆ ಜ್ವಾಲೆಗೆ ಮುಂದೆ ಓಡಲು ದಾರಿಯೇ ಇರುವುದಿಲ್ಲ, ಅಂಕ ಚೆನ್ನಾಗಿ ಬರುತ್ತದೆ! ಹಾಗಾಗಿ ಪ್ಲಾಸ್ಟಿಕ್ ಫೋಮಿಗೆ ‘ಕ್ಲಾಸ್ ಎ’ ಎಂದು ಕಂಡರೆ ಕೋಣೆ ಮೂಲೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿ.

‘ಕ್ಲಾಸ್ 1’ ಎಂದರೆ ಭಾರತದ್ದಾಗಿರಬಹುದು, ಬ್ರಿಟನ್ನಿನ ಬಿಎಸ್ 476 ಏಳನೆಯ ಭಾಗದ್ದಾಗಿರಬಹುದು. ‘ಕ್ಲಾಸ್ 0’ ಬ್ರಿಟನ್ನಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯಲ್ಲಿದ್ದ ಪದ. ಇಂಗ್ಲೆಂಡಿನಲ್ಲಿ 2025ರ ಮಾರ್ಚ್ 2ರಿಂದ ಈ ಹಳೆಯ ದರ್ಜೆಗಳನ್ನು ಮಾರ್ಗದರ್ಶಿಯಿಂದ ಕೈಬಿಟ್ಟು ಯುರೋಪಿನ ದರ್ಜೆಗಳನ್ನಷ್ಟೇ ಉಳಿಸಿಕೊಂಡಿದ್ದಾರೆ. ನಮ್ಮ ಕ್ಯಾಟಲಾಗುಗಳಲ್ಲಿ ‘ಕ್ಲಾಸ್ 0’ ಇನ್ನೂ ಸುಖವಾಗಿದೆ.

ಇನ್ನು ‘ಯುಎಲ್ 94 ವಿ-0’. ಟಿವಿ, ಸ್ವಿಚ್, ಚಾರ್ಜರುಗಳ ಪ್ಲಾಸ್ಟಿಕ್ಕಿಗೆ ಮಾಡಿದ ಪರೀಕ್ಷೆ ಅದು, ಬೆರಳಗಲದ ಪಟ್ಟಿಗೆ ಸಣ್ಣ ಜ್ವಾಲೆ ತಾಗಿಸುವುದು. ಗೋಡೆಯ ಪ್ಯಾನೆಲ್ ಮಾರುವವರು ಇದನ್ನು ತೋರಿಸಿದರೆ ಮರ್ಯಾದೆಯಿಂದ ನಕ್ಕು ಮುಂದಿನ ಅಂಗಡಿಗೆ ಹೋಗಿ.

ದರ್ಜೆಯ ಪಕ್ಕದಲ್ಲಿ ಮಾನದಂಡದ ಹೆಸರು, ಸಂಖ್ಯೆ ಇಲ್ಲದಿದ್ದರೆ ಅದನ್ನು ದರ್ಜೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಂದು ದೇಶದ ದರ್ಜೆಯನ್ನು ಇನ್ನೊಂದಕ್ಕೆ ಕೋಷ್ಟಕ ನೋಡಿ ಬದಲಾಯಿಸುವುದೂ ಆಗುವುದಿಲ್ಲ, ಪರೀಕ್ಷೆಗಳೇ ಬೇರೆ.

710 ಮರೀನ್ ಪ್ಲೈ ಹಾಕಿಸಿದ್ದೇವೆ, ಎಲ್ಲಕ್ಕಿಂತ ದುಬಾರಿ. ಬೆಂಕಿಗೂ ಒಳ್ಳೆಯದಲ್ಲವೇ?

ಐಎಸ್ 710 ನೀರಿನ ಲೆಕ್ಕ. ಕುದಿಯುವ ನೀರಿನಲ್ಲಿ ಹಾಕಿದರೂ ಪದರ ಬಿಡಬಾರದು ಎನ್ನುವುದು ಅದರ ಗುಣ. ಬೆಂಕಿಗೆ ಅದೂ ಮರವೇ. ಬೆಂಕಿ ನಿಧಾನ ಮಾಡುವ ಪ್ಲೈಗೆ ಬೇರೆಯೇ ಮಾನದಂಡವಿದೆ, ಐಎಸ್ 5509. ಬೋರಾಕ್ಸ್, ಬೋರಿಕ್ ಆಮ್ಲ, ಫಾಸ್ಫೇಟುಗಳಂಥ ಲವಣಗಳನ್ನು ಮರದೊಳಕ್ಕೆ ಇಳಿಸಿ ಮಾಡುವ ಪ್ಲೈ ಅದು. ಹೊತ್ತಿಕೊಳ್ಳಲು ಎಷ್ಟು ಹೊತ್ತು, ಜ್ವಾಲೆ ಆರಪಾರು ತೂತು ಮಾಡಲು ಎಷ್ಟು ಹೊತ್ತು, ಉರಿದು ತೂಕ ಇಳಿಯುವ ವೇಗ ಎಷ್ಟು ಎಂಬ ಮೂರನ್ನೂ ಪರೀಕ್ಷಿಸುತ್ತಾರೆ. ಪ್ಲೈವುಡ್ ಪರೀಕ್ಷೆ, ಸಂಶೋಧನೆಗೆ ದೇಶದಲ್ಲೇ ಹೆಸರಾದ ಸಂಸ್ಥೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿದೆ, ಇಪಿರ್ಟಿ ಎಂದೇ ಈ ಕಸುಬಿನವರು ಕರೆಯುತ್ತಿದ್ದದ್ದು.

ಶೀಟಿನ ಮೇಲೆ ಐಎಸ್‌ಐ ಗುರುತು, ಅದರ ಮೇಲುಗಡೆ 5509 ಎಂಬ ಅಂಕಿ, ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಾರ್ಖಾನೆ, ಯಾವ ಸರಕು ಎಂದು ಬರುತ್ತದೆ. ಗುರುತಿನ ಮೇಲೆ 710 ಇದ್ದು, ಪಕ್ಕದಲ್ಲಿ ಬೆಂಕಿಯ ಚಿತ್ರ ಮಾತ್ರ ಇದ್ದರೆ ಆ ಚಿತ್ರಕ್ಕೆ ಬೆಲೆ ಕೊಡಬೇಡಿ.

ಲವಣ ನೀರಿನಲ್ಲಿ ಕರಗುವ ಜಾತಿಯದಾದರೆ ಪದೇ ಪದೇ ಒದ್ದೆಯಾದಾಗ ಮೆಲ್ಲಗೆ ತೊಳೆದುಹೋಗುತ್ತದೆ. ಸಿಂಕಿನ ಕೆಳಗೆ ಹಾಕುವ ಮುಂಚೆ ಕೇಳಿ.

ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಪ್ಲೈ: ಮೂರರಲ್ಲಿ ಬೆಂಕಿಗೆ ಯಾವುದು ವಾಸಿ?

ದೊಡ್ಡ ವ್ಯತ್ಯಾಸವಿಲ್ಲ. ಯುರೋಪಿನಲ್ಲಿ ಈ ಮೂರೂ, 9 ಮಿಲಿಮೀಟರಿಗಿಂತ ಕಡಿಮೆ ಇಲ್ಲದ ದಪ್ಪ, ಸಾಕಷ್ಟು ಸಾಂದ್ರತೆ ಇದ್ದು ಹಿಂದೆ ಗಾಳಿಯ ಸಂದಿ ಇಲ್ಲದಂತೆ ಕೂರಿಸಿದ್ದರೆ, ಪರೀಕ್ಷೆಯಿಲ್ಲದೆಯೇ ಡಿ-ಎಸ್2,ಡಿ0 ಎಂದು ಒಪ್ಪುತ್ತಾರೆ. ಎಚ್‌ಡಿಎಚ್‌ಎಂಆರ್ ಎಂಬ ಉದ್ದ ಹೆಸರಿನಲ್ಲಿರುವುದು ಸಾಂದ್ರತೆ ಮತ್ತು ತೇವ ತಡೆಯುವ ಗುಣ ಮಾತ್ರ, ಬೆಂಕಿಯ ಸುದ್ದಿಯೇ ಇಲ್ಲ.

ಡಬ್ಲ್ಯುಪಿಸಿ, ಪಿವಿಸಿ ಮಾರ್ಬಲ್ ಶೀಟು, ಚಾರ್ಕೋಲ್ ಪ್ಯಾನೆಲ್?

ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್, ಶೇಕಡ 57ರ ಹತ್ತಿರ. ಈ ಕ್ಲೋರಿನ್ ಜ್ವಾಲೆಗೆ ಅಡ್ಡಗಾಲು ಹಾಕುತ್ತದೆ, ಅದಕ್ಕೇ ಲೈಟರ್ ತೆಗೆದರೆ ನಂದುವುದು. ಆದರೆ ಅದೇ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ಕಣ್ಣಿನ, ಗಂಟಲಿನ ಪಸೆಗೆ ಸೇರಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು ಬಿಡಲಾಗದ ಮನುಷ್ಯನಿಗೆ ಬಾಗಿಲು ಎಲ್ಲಿದೆ ಎಂದು ತಿಳಿಯುವುದಿಲ್ಲ. ಜೊತೆಗೆ ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬೆಂಕಿ ಹತ್ತುವ ಎಷ್ಟೋ ಮೊದಲೇ ಸೊಟ್ಟಗಾಗಿ ಗೋಡೆ ಬಿಡುತ್ತದೆ.

ಚಾರ್ಕೋಲ್ ಪ್ಯಾನೆಲ್ ಎಂಬ ಹೆಸರು ಕೇಳಿ ‘ಇದ್ದಿಲು ಈಗಾಗಲೇ ಸುಟ್ಟದ್ದು, ಮತ್ತೆ ಏನು ಸುಡುತ್ತದೆ’ ಎಂದು ಒಬ್ಬರು ನನಗೇ ವಾದ ಹೂಡಿದ್ದರು. ಹೆಸರಿನಲ್ಲಿ ಇದ್ದಿಲು, ಒಡಲಲ್ಲಿ ಬಹುಪಾಲು ಪ್ಲಾಸ್ಟಿಕ್. ಯಾವ ಪ್ಲಾಸ್ಟಿಕ್ ಎಂದು ಕೇಳಿ. ಪಾಲಿಸ್ಟೈರೀನ್ ಆದರೆ ಅದರಲ್ಲಿ ಪಿವಿಸಿಯ ಕ್ಲೋರಿನ್ ಕೂಡ ಇಲ್ಲ, ಕಪ್ಪು ಮಸಿ ಕಾರುತ್ತಾ ಕರಗಿ ಉರಿಯುತ್ತದೆ. ಅಲಂಕಾರಕ್ಕೆ ಒಂದು ಪಟ್ಟಿ ಹಾಕಿಸಿಕೊಂಡರೆ ನಾನು ಗದರುವುದಿಲ್ಲ. ಹಾಲಿನ ಮೂರು ಗೋಡೆ, ಸೀಲಿಂಗು, ಹೊರಗೆ ಹೋಗುವ ಪ್ಯಾಸೇಜು ಎಲ್ಲಕ್ಕೂ ಅದನ್ನೇ ಹೊದಿಸಿದರೆ ಗದರುತ್ತೇನೆ.

ಜಿಪ್ಸಮ್ ಬೋರ್ಡಿಗೆ ಕಾಗದ ಅಂಟಿಸಿರುತ್ತಾರಲ್ಲ, ಅದು ಉರಿಯುವುದಿಲ್ಲವೇ?

ಕಾಗದ ಸುಟ್ಟುಹೋಗುತ್ತದೆ, ತೆಳುವಾದ್ದರಿಂದ ಶಾಖ ಅಷ್ಟಕ್ಕಷ್ಟೇ. ಅದರ ಹಿಂದೆ ಇರುವುದು ನಿಜವಾದ ಗುಟ್ಟು: ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಶೇಕಡ 21ರಷ್ಟು ಹರಳಿನೊಳಗೆ ಕಟ್ಟಿಹಾಕಿದ ನೀರು. ಕಾವು ತಾಗಿದಾಗ ಆ ನೀರು ಆವಿಯಾಗುತ್ತಾ ಕಾವನ್ನು ನುಂಗುತ್ತದೆ. ನೀರು ಮುಗಿಯುವ ತನಕ ಬೋರ್ಡಿನ ಹಿಂಬದಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾಮಾನ್ಯ ಜಿಪ್ಸಮ್ ಬೋರ್ಡಿಗೆ ಎ2-ಎಸ್1,ಡಿ0 ಸಿಗುವುದು ಇದರಿಂದ. ಗುಲಾಬಿ ಬಣ್ಣದ ಬೋರ್ಡಿನಲ್ಲಿ ಗಾಜಿನ ನಾರು ಇರುತ್ತದೆ, ನೀರು ಹೋದ ಮೇಲೂ ಪುಡಿಯಾಗಿ ಉದುರದಂತೆ ಹಿಡಿದಿಡಲು.

ನನ್ನನ್ನು ಕೇಳಿದರೆ ಫಾಲ್ಸ್ ಸೀಲಿಂಗಿಗೆ ಪಿವಿಸಿ ಪಟ್ಟಿಗಿಂತ ಜಿಪ್ಸಮ್ ಸಾವಿರ ಪಾಲು ಮೇಲು. ಸೋರುವ ಬಾತ್‌ರೂಮಿನ ಕೆಳಗಾದರೆ ಸಿಮೆಂಟ್ ಫೈಬರ್ ಬೋರ್ಡ್ ಹಾಕಿ.

ಎಸಿಪಿ ಹೊರಗೋಡೆಗೆ ತಾನೇ? ಒಳಗೆ ಹಾಕಿದರೆ ಏನು?

ಲಿಫ್ಟಿನ ಮುಂಭಾಗ, ಅಂಗಡಿಯ ಕೌಂಟರು, ಅಡುಗೆಮನೆಯ ಬಾಗಿಲುಗಳಿಗೆಲ್ಲ ಈಗ ಎಸಿಪಿ ಬಂದಿದೆ. ಕಣ್ಣಿಗೆ ಕಾಣುವುದು ಲೋಹ, ಲೋಹದ ದಪ್ಪವಾದರೋ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಉಳಿದದ್ದು ತಿರುಳು. ಅಗ್ಗದ ಎಸಿಪಿಯಲ್ಲಿ ಆ ತಿರುಳು ಪಾಲಿಥಿಲೀನ್, ಕಿಲೋಗೆ 40 ಮೆಗಾಜೂಲಿಗೂ ಮೇಲೆ ಶಾಖ ಕೊಡುವಂಥದ್ದು, ಹೆಚ್ಚುಕಡಿಮೆ ಪೆಟ್ರೋಲಿನಷ್ಟೇ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮುಂಚೆಯೇ ಅಂಚುಗಳಿಂದ ತಿರುಳು ಕರಗಿ ಸುರಿಯುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತರಲ್ಲ, ಅದರ ಹೊರಹೊದಿಕೆಯಲ್ಲಿದ್ದದ್ದು ಇದೇ ಪಾಲಿಥಿಲೀನ್ ತಿರುಳಿನ ಪ್ಯಾನೆಲ್.

ತಿರುಳಿನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನಂಥ ಖನಿಜ ತುಂಬಿದ ಎಸಿಪಿಯೂ ಇದೆ. ಅದೂ ಜಿಪ್ಸಮ್ಮಿನ ಉಪಾಯವೇ, 200 ಡಿಗ್ರಿ ದಾಟಿದಾಗ ನೀರು ಬಿಡುತ್ತದೆ. ‘ಎಫ್‌ಆರ್’ ಎಂಬ ಎರಡಕ್ಷರ ಸಾಲದು. ಬಿ ದರ್ಜೆಯೋ ಎ2 ದರ್ಜೆಯೋ ಎಂದು ಕಾಗದದಲ್ಲಿ ಬರೆಸಿಕೊಳ್ಳಿ.

ದರ್ಜೆ ಇರುವ ಶೀಟನ್ನೇ ತಂದಿದ್ದೇವೆ. ಇನ್ನು ನಿಶ್ಚಿಂತೆಯಲ್ಲವೇ?

ಇದನ್ನು ಕೊನೆಗೆ ಇಡಬೇಕೆಂದುಕೊಂಡಿದ್ದೆ, ಆದರೆ ಇದೇ ಮುಖ್ಯ. ದರ್ಜೆ ಶೀಟಿನದಲ್ಲ, ಶೀಟನ್ನು ಕೂರಿಸಿದ ರೀತಿಯದು.

ಪರೀಕ್ಷೆಯ ವರದಿಯಲ್ಲಿ ಹೀಗಿರುತ್ತದೆ: ಇಷ್ಟು ದಪ್ಪ, ಇಷ್ಟು ಸಾಂದ್ರತೆಯ ಬೋರ್ಡು, ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಯ ಮೇಲೆ, ಸ್ಕ್ರೂ ಹಾಕಿ, ನಡುವೆ ಸಂದಿ ಬಿಡದೆ. ನಿಮ್ಮ ಮನೆಯಲ್ಲಿ ಆಗುವುದೇನು? ಗೋಡೆಗೆ ಮೊದಲು ಸಾಮಾನ್ಯ ಪ್ಲೈ ಪಟ್ಟಿಗಳ ಚೌಕಟ್ಟು, ಅದರ ಹಿಂದೆ ಒಂದೂವರೆ ಇಂಚು ಗಾಳಿ, ಅದರೊಳಗೆ ಟಿವಿಯ ವೈರು, ಮೇಲೆ ದರ್ಜೆಯ ಬೋರ್ಡು, ಅದಕ್ಕೆ ರಬ್ಬರ್ ಅಂಟು ಬಳಿದು ಒಂದು ಮಿಲಿಮೀಟರ್ ಸನ್ಮೈಕಾ ಅಥವಾ ಅಕ್ರಿಲಿಕ್. ಬೆಂಕಿಗೆ ಮೊದಲು ಎದುರಾಗುವುದು ಅಕ್ರಿಲಿಕ್, ಬೋರ್ಡಲ್ಲ. ಹಿಂದಿನ ಸಂದಿ ಒಲೆಯ ಕೊಳವೆಯಂತೆ ಕೆಲಸ ಮಾಡುತ್ತದೆ, ಬೆಂಕಿ ಒಳಹೊಕ್ಕರೆ ಎರಡೂ ಬದಿಯಿಂದ ಕಾಯಿಸುತ್ತಾ ಮೇಲೆ ಎಳೆದುಕೊಳ್ಳುತ್ತದೆ. ಲೂವರ್ ಆದರೆ ಏಣುಗಳಿಂದ ಉರಿಯುವ ಮೇಲ್ಮೈಯೂ ಹೆಚ್ಚು. ಬಿ ದರ್ಜೆಯ ಬೋರ್ಡು ಕೊಂಡು ಡಿ ದರ್ಜೆಯ ಗೋಡೆ ಕಟ್ಟಿಸಿಕೊಳ್ಳುವುದು ಹೀಗೆ.

ಮಾಡಬಹುದಾದದ್ದು ಇಷ್ಟು. ಚೌಕಟ್ಟಿಗೆ ಸತು ಲೇಪಿಸಿದ ಉಕ್ಕಿನ ಜಿಐ ಸೆಕ್ಷನ್ ಹಾಕಿಸಿ. ಹಿಂದಿನ ಸಂದಿಯನ್ನು ಕಲ್ಲಿನ ನಾರಾದ ರಾಕ್‌ವುಲ್ಲಿನಿಂದ ತುಂಬಿಸಿ, ಇಲ್ಲವೇ ಅಡ್ಡಪಟ್ಟಿಗಳಿಂದ ತಡೆಯಿರಿ. ಎಲ್‌ಇಡಿ ಸ್ಟ್ರಿಪ್ಪಿನ ಡ್ರೈವರನ್ನು ಪ್ಯಾನೆಲ್ ಹಿಂದೆ ಹುದುಗಿಸಬೇಡಿ, ಗಾಳಿಯಾಡುವ, ಕೈಗೆ ಸಿಗುವ ಕಡೆ ಇಡಿಸಿ. ವೈರು ಕಂಡ್ಯೂಟಿನೊಳಗೇ ಹೋಗಲಿ. ಸನ್ಮೈಕಾ ಸಮೇತ ಪರೀಕ್ಷೆಯಾದ ಬೋರ್ಡು ಸಿಕ್ಕರೆ ಅದನ್ನೇ ಆರಿಸಿ.

ಹೊಗೆ ಕಡಿಮೆ ಎಂದು ‘ಎಸ್1’ ಇದ್ದರೆ ವಿಷವೂ ಕಡಿಮೆ ಎಂದೇ?

ಅಲ್ಲ. ‘ಎಸ್’ ಅಳೆಯುವುದು ಹೊಗೆ ಬೆಳಕನ್ನು ಎಷ್ಟು ಮರೆಮಾಡುತ್ತದೆ ಎಂಬುದನ್ನು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟು, ಸಯನೈಡ್ ಎಷ್ಟು ಎಂಬುದು ಈ ದರ್ಜೆಯಲ್ಲಿಲ್ಲ. ಹಾಗೆಂದು ಮರೆಮಾಡುವುದು ಸಣ್ಣ ವಿಷಯವೂ ಅಲ್ಲ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ವಿದ್ಯುತ್ ಕೇಬಲ್ಲಿನ ಡಕ್ಟಿನಲ್ಲಿ ಶುರುವಾದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಒಂಬತ್ತು ಜನ ಹೋದರು. ಉಸಿರಿಗಾಗಿ ಗಾಜು ಒಡೆದು ಕೆಳಗೆ ಹಾರಿದವರೂ ಅವರಲ್ಲಿದ್ದರು. ಆ ದಿನ ಟಿವಿಯಲ್ಲಿ ನೋಡಿದವರು ಮರೆತಿರಲಿಕ್ಕಿಲ್ಲ.

ಹೋಂ ಥಿಯೇಟರಿಗೆ ಮೊಟ್ಟೆ ಟ್ರೇ ಆಕಾರದ ಫೋಮ್ ಅಂಟಿಸಬಹುದೇ?

ಬೇಡ. 2003ರ ಫೆಬ್ರುವರಿ 20ರಂದು ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ಎಂಬ ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಪಟಾಕಿ ಕಿಡಿ ಗೋಡೆಯ ಪಾಲಿಯುರೆಥೇನ್ ಫೋಮಿಗೆ ತಾಗಿ ನೂರು ಜನ ಸತ್ತರು, ಒಂದೂವರೆ ನಿಮಿಷದಲ್ಲೇ ಒಳಗೆ ಬದುಕಲಾಗದ ಸ್ಥಿತಿ. ಹತ್ತು ವರ್ಷದ ಮೇಲೆ, 2013ರ ಜನವರಿ 27ರಂದು ಬ್ರೆಜಿಲ್‌ನ ಸಾಂತಾ ಮರಿಯಾದ ಕಿಸ್ ಕ್ಲಬ್ಬಿನಲ್ಲಿ ಅದೇ ಕಥೆ, ಅದೇ ಬಗೆಯ ಫೋಮ್, 242 ಸಾವು. ಶಬ್ದ ಹೀರಲು ಗಾಜಿನ ನಾರಿನ ಅಥವಾ ರಾಕ್‌ವುಲ್ ಹಲಗೆಗೆ ದರ್ಜೆಯುಳ್ಳ ಬಟ್ಟೆ ಹೊದಿಸಿದರೆ ಸಾಕು, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ.

ಈಗಾಗಲೇ ಮರದ ಕೆಲಸ ಮುಗಿದಿದೆ. ಮೇಲೆ ಏನಾದರೂ ಬಳಿದರೆ ಆಗುತ್ತದೆಯೇ?

ಕಾವು ತಾಗಿದಾಗ ಉಬ್ಬಿ ದಪ್ಪ ಇದ್ದಿಲಿನ ಹೊದಿಕೆಯಾಗುವ ಬಣ್ಣ, ವಾರ್ನಿಷ್ ಸಿಗುತ್ತವೆ. ಕೆಲಸ ಮಾಡುತ್ತವೆ, ಚದರ ಮೀಟರಿಗೆ ಕಂಪನಿ ಹೇಳಿದಷ್ಟು ಪೂರ್ತಿ ಬಳಿದರೆ. ಪೇಂಟರ್ ನೀರು ಬೆರೆಸಿ ಅರ್ಧಕ್ಕೆ ಮುಗಿಸಿದರೆ ದರ್ಜೆಯೂ ನೀರುಪಾಲು. ಅದರ ಮೇಲೆ ಹೊಳಪಿಗೆಂದು ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿದರೆ ಉಬ್ಬುವ ಹೊದಿಕೆಯ ಮೇಲೆ ಉರಿಯುವ ಹೊದಿಕೆ ಹಾಕಿದಂತೆ. ಈಗಾಗಲೇ ಸನ್ಮೈಕಾ ಇದ್ದರೆ ಬಣ್ಣ ಹಿಡಿಯುವುದೇ ಅನುಮಾನ.

ವರದಿ ತೋರಿಸಿದರೆ ಏನೇನು ನೋಡಬೇಕು?

ಕಂಪನಿಯ ಹೆಸರು ನಿಮ್ಮ ಬಿಲ್ಲಿನ ಕಂಪನಿಯದೇ? ದಪ್ಪ ನೀವು ಕೊಳ್ಳುವುದೇ? 18 ಮಿಲಿಮೀಟರಿನ ವರದಿ ತೋರಿಸಿ 6ರದ್ದು ಮಾರುವುದು ಮಾಮೂಲು. ಹಿಂದೆ ಯಾವ ಹಲಗೆ, ಅಂಟೋ ಸ್ಕ್ರೂವೋ, ಸಂದಿ ಇತ್ತೇ? ಲ್ಯಾಬಿಗೆ, ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಇದ್ದರೆ ಈ ಪರೀಕ್ಷೆಗೇ ಇದೆಯೇ? ನೀರಿನ ಪರೀಕ್ಷೆಗೆ ಮಾನ್ಯತೆ ಇರುವ ಲ್ಯಾಬು ಬೆಂಕಿಯ ವರದಿ ಕೊಟ್ಟರೆ ಪ್ರಯೋಜನವಿಲ್ಲ. ಮೊದಲ ಪುಟವನ್ನಷ್ಟೇ ವಾಟ್ಸ್ಆ್ಯಪ್ ಮಾಡಿದರೆ ಉಳಿದ ಪುಟಗಳನ್ನು ಕೇಳಿ. ನಿಜ ಸಂಗತಿ ಇರುವುದು ಒಳಗಿನ ಪುಟಗಳಲ್ಲಿ.

ಸ್ವಂತ ಮನೆಗೆ ಇದೆಲ್ಲ ಕಡ್ಡಾಯವೇ?

ಕಟ್ಟಡ ಸಂಹಿತೆ ಶಿಫಾರಸಿನ ದಾಖಲೆ. ರಾಜ್ಯ, ನಗರಸಭೆಗಳ ಬೈಲಾ ಅದನ್ನು ಒಪ್ಪಿದಷ್ಟು ಮಟ್ಟಿಗೆ ಕಡ್ಡಾಯ. ಎತ್ತರದ ಕಟ್ಟಡಕ್ಕೆ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಎನ್‌ಒಸಿ ಬೇಕು, ಆದರೆ ಬಿಲ್ಡರ್ ಕೀ ಕೊಟ್ಟ ಮೇಲೆ ನೀವು ಫ್ಲ್ಯಾಟಿನೊಳಗೆ ಏನು ಹೊದಿಸುತ್ತೀರಿ ಎಂದು ನೋಡಲು ಯಾರೂ ಬರುವುದಿಲ್ಲ.

ದುಡ್ಡು ಕಡಿಮೆ. ಎಲ್ಲಿಗೆ ಮೊದಲು ಖರ್ಚು ಮಾಡಲಿ?

ಮೊದಲು ಸೀಲಿಂಗು, ಬೆಂಕಿಯ ಕಾವು ಸೇರುವುದು ಅಲ್ಲೇ. ಆಮೇಲೆ ಬೆಡ್‌ರೂಮಿನಿಂದ ಮುಖ್ಯ ಬಾಗಿಲಿನ ತನಕ ನೀವು ಓಡಬೇಕಾದ ದಾರಿ. ಅಲ್ಲಿ ಪ್ಯಾನೆಲ್ಲೇ ಬೇಡ, ಸಿಮೆಂಟ್ ಗಾರೆಗೆ ಬಣ್ಣ ಬಳಿದರೆ ಅದಕ್ಕಿಂತ ಅಗ್ಗ, ಅದಕ್ಕಿಂತ ಒಳ್ಳೆಯದು ಇಲ್ಲ. ಮೂರನೆಯದು ಒಲೆಯ ಹಿಂದಿನ ಗೋಡೆ, ಅಲ್ಲಿ ಟೈಲ್ಸು ಅಥವಾ ಗ್ರಾನೈಟು, ಪಿವಿಸಿ ಮಾರ್ಬಲ್ ಶೀಟು ಖಂಡಿತ ಬೇಡ. ವಾರ್ಡ್‌ರೋಬಿನ ಪ್ಲೈಗೆ ಕೊನೆಯ ಸರದಿ. ಒಳಗೆ ತುಂಬಿದ ರೇಷ್ಮೆ ಸೀರೆ, ಕಂಬಳಿಗಳ ಮುಂದೆ ಪ್ಲೈಯ ದರ್ಜೆ ಏನು ಮಾಡೀತು!

ದೇವರ ಮನೆಗೆ ಎಂಡಿಎಫ್ ಜಾಲಿ, ಹಿಂದೆ ಅಕ್ರಿಲಿಕ್, ಅದರ ಹಿಂದೆ ಲೈಟು ಮಾಡಿಸುತ್ತಿದ್ದೇವೆ. ಪರವಾಗಿಲ್ಲವೇ?

ತೆಳು ಎಂಡಿಎಫ್‌ನಲ್ಲಿ ತೂತು ಕೊರೆದರೆ ಎಲ್ಲಾ ಬದಿಯಿಂದ ಗಾಳಿ ಸಿಗುವ ಪುರಳೆಯಾಗುತ್ತದೆ, ಅಕ್ರಿಲಿಕ್ ಕರಗಿ ಉರಿಯುತ್ತದೆ, ಮುಂದೆ ದೀಪ, ಕರ್ಪೂರ, ಎಣ್ಣೆ ಬತ್ತಿ. ಜಾಲಿಯೇ ಬೇಕೆಂದಿದ್ದರೆ ಕಲ್ಲಿನದು ಅಥವಾ ಹಿತ್ತಾಳೆಯದು ಮಾಡಿಸಿ. ಮರದ್ದೇ ಆಗಬೇಕೆಂದರೆ ದೀಪದಿಂದ ಕೈಯಳತೆ ದೂರ ಇಡಿ, ದೀಪದ ನೇರ ಮೇಲೆ ಕಪಾಟಿನ ಹಲಗೆ ಬರದ ಹಾಗೆ ನೋಡಿಕೊಳ್ಳಿ, ಕೆಳಗೆ ಗ್ರಾನೈಟ್ ಹಾಸಿಸಿ. ನಂದಾದೀಪ ಇಡುವ ಮನೆಯಾದರೆ ರಾತ್ರಿ ಅದನ್ನು ಕಲ್ಲಿನ ಗೂಡಿನೊಳಗೆ ಇಡುವ ಹಳೆಯ ಪದ್ಧತಿಯೇ ವಾಸಿ. ಅಜ್ಜಿಯ ಕಾಲದ ಗೋಡೆಗೂಡಿಗೆ ಎ1 ದರ್ಜೆ, ಯಾವ ವರದಿಯೂ ಬೇಕಿಲ್ಲ.